ಗರಿ ಬೇಕಾ, ಕೆಂಪು ಬೇಕಾ? ಹಿಟ್ಟು ಹುಯ್ಯುವ ಮೊದಲೇ ಹೇಳಿ

ತಟ್ಟೆಗೆ ಬಂದ ಬೆಣ್ಣೆ ದೋಸೆಯನ್ನು ‘ಇನ್ನೊಂಚೂರು ರೋಸ್ಟ್ ಮಾಡ್ಕೊಡಿ’ ಎಂದು ಸಪ್ಲೈಯರ್ ಕೈಗೆ ವಾಪಸ್ ಕೊಡುವವರು ದಾವಣಗೆರೆಯ ಹೋಟೆಲುಗಳಲ್ಲಿ ದಿನಾ ಇರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೇ ಸಲ ಹಂಚಿಗೆ ಬಿದ್ದ ದೋಸೆ ಗರಿ ಆಗುವುದಿಲ್ಲ. ತಳ ಸೀಯುತ್ತದೆ, ಒಳಗೆ ನಾರುನಾರಾಗುತ್ತದೆ, ಬೆಣ್ಣೆ ಸುಟ್ಟ ವಾಸನೆ ಹೊಡೆಯುತ್ತದೆ.

ಗರಿ ಬೇರೆ, ಕೆಂಪು ಬೇರೆ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೆಂಪು ಬರುವುದು ಹಂಚಿನ ಕಾವಿನಿಂದ: ತಳದ ನೀರು ಆರಿ ಅಲ್ಲಿನ ಶಾಖ ಸುಮಾರು 140 ಡಿಗ್ರಿ ದಾಟಿದರೆ ಬಣ್ಣ ತಿರುಗುತ್ತದೆ. ಪೂರ್ತಿ ಗರಿ ಬರುವುದು ತೆಳ್ಳಗೆ ಎಳೆದಾಗ ಮಾತ್ರ. ಹಿಟ್ಟಿನೊಳಗೆ ನೀರಿರುವ ತನಕ ಆ ಭಾಗದ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಣ್ಣೆ ದೋಸೆಯನ್ನು ಗೇಣಗಲಕ್ಕೆ ದಪ್ಪಗೆ ಹರಡುತ್ತಾರೆ. ಅಕ್ಕಿ, ಉದ್ದಿನ ಜೊತೆ ರುಬ್ಬಿದ ಮಂಡಕ್ಕಿ ಮೊದಲೇ ಬೆಂದು ಅರಳಿದ್ದು. ನೀರು ಹೀರಿ ಹಿಡಿದುಕೊಳ್ಳುತ್ತದೆ. ಅದಕ್ಕೇ ತಳ ಗರಿ, ಒಳಗೆ ಹತ್ತಿಯಂಥ ಮೆದು. ಒಳಗಿನದೂ ಗರಿಯಾಗಲಿ ಎಂದು ಹೆಚ್ಚು ಹೊತ್ತು ಬಿಟ್ಟರೆ ಅಲ್ಲಿನ ನೀರು ಆರುವಷ್ಟರಲ್ಲಿ ತಳ ಕಪ್ಪಾಗಿರುತ್ತದೆ. ಸೌಟು ತಿರುಗುವ ಆ ಕೆಲವೇ ಸೆಕೆಂಡಿನಲ್ಲಿ ಎಲ್ಲ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಭಟ್ಟರು ಎಷ್ಟೇ ನುರಿತವರಾದರೂ ಏನೂ ಮಾಡಲಾರರು.

‘ಚೆನ್ನಾಗಿ ಮಾಡಿ’, ‘ಸ್ಪೆಷಲ್ಲಾಗಿ ಇರಲಿ’ ಎಂದರೆ ಒಲೆಯ ಮುಂದೆ ನಿಂತವರಿಗೆ ಏನೂ ತಿಳಿಯದು. ‘ತೆಳ್ಳಗೆ ಎಳೀರಿ, ಕೆಂಪಗೆ ತೆಗೀರಿ’ ಎನ್ನಿ. ಇಲ್ಲವೇ ‘ದಪ್ಪಗೇ ಇರಲಿ, ತಳ ಮಾತ್ರ ಕೆಂಪಗಾಗಲಿ’ ಎನ್ನಿ. ಹಲ್ಲಿಲ್ಲದ ಅಜ್ಜನಿಗೋ ಮಗುವಿಗೋ ಆದರೆ ಖಾಲಿ ದೋಸೆ ಹೇಳಿ, ‘ಬಣ್ಣ ತಿರುಗೋ ಮೊದಲೇ ತೆಗೀರಿ’ ಎಂದು ಸೇರಿಸಿ. ಉದ್ದ ಹಂಚಿನಲ್ಲಿ ಒಂದು ಸಾಲು ದೋಸೆಗೆ ಒಟ್ಟಿಗೇ ಹಿಟ್ಟು ಬೀಳುತ್ತದೆ. ಆ ಸಾಲು ತಪ್ಪಿದರೆ ಮುಂದಿನದಕ್ಕೆ ಕಾಯಿರಿ, ಅವಸರ ಮಾಡಬೇಡಿ. ಸೌದೆ ಒಲೆಯಲ್ಲಿ ಉರಿಯ ನೇರ ಮೇಲಿನ ಜಾಗ ಬಲು ಕಾವು, ಅಂಚು ಮಂದ. ಮೊದಲೇ ಹೇಳಿದ್ದರೆ ನಿಮ್ಮದನ್ನು ಎಲ್ಲಿ ಹಾಕಬೇಕೆಂದು ಅವರಿಗೇ ಗೊತ್ತು. ಆದರೆ ಈ ಹಿಟ್ಟು ಗಟ್ಟಿ, ತೀರಾ ಎಳೆದರೆ ಹರಿಯುತ್ತದೆ. ಮಸಾಲೆ ದೋಸೆಯಷ್ಟು ತೆಳುವನ್ನು ಅದರಿಂದ ಬಯಸುವುದು ನ್ಯಾಯವಲ್ಲ. ಭಾನುವಾರ ಬೆಳಗಿನ ನೂಕುನುಗ್ಗಲಲ್ಲಿ ಅಷ್ಟೂ ಆಗದೇ ಇರಬಹುದು.

ಇನ್ನು ಬೆಣ್ಣೆ. ಗರಿಯೂ ಬೇಕು, ಮೇಲೆ ಇನ್ನೊಂದು ಮುದ್ದೆ ಬೆಣ್ಣೆಯೂ ಬೇಕು ಎನ್ನುತ್ತಾರೆ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಪಾಲು ನೀರೇ, ಕೈಯಲ್ಲಿ ಕಡೆದದ್ದಾದರೆ ಇನ್ನೂ ಹೆಚ್ಚು. ಇಳಿಸಿದ ದೋಸೆಯ ಮೇಲೆ ಅದು ಕರಗಿದಂತೆಲ್ಲ ಗರಿ ಮೆತ್ತಗಾಗುತ್ತದೆ. ಹೆಚ್ಚುವರಿ ಬೆಣ್ಣೆಯನ್ನು ಹಂಚಿನ ಮೇಲಿರುವಾಗಲೇ ಅಂಚಿಗೆ ಹಾಕಿಸಿಕೊಳ್ಳಿ, ಇಲ್ಲವೇ ಬಟ್ಟಲಲ್ಲಿ ಬೇರೆ ತರಿಸಿ ತುತ್ತುತುತ್ತಿಗೆ ಹಚ್ಚಿಕೊಳ್ಳಿ.

ಪಾರ್ಸೆಲ್‌ಗೆ ಗರಿ ಕೇಳಲೇಬೇಡಿ. ಬಿಸಿ ದೋಸೆ ಪೊಟ್ಟಣದೊಳಗೆ ತನ್ನ ಹಬೆಯಲ್ಲೇ ನೆನೆಯುತ್ತದೆ. ದಪ್ಪಗೇ ಹಾಕಿಸಿ, ಎರಡು ನಿಮಿಷ ಬಿಚ್ಚಿಟ್ಟು ಆಮೇಲೆ ಕಟ್ಟಲು ಹೇಳಿ. ಪಲ್ಯ, ಚಟ್ನಿ ಬೇರೆಬೇರೆ ಕಟ್ಟಿಸಿ.