ಕೊಲ್ಯಾಪ್ಸ್ ಪ್ರೆಶರ್ ಅಂದರೆ ಏನು?

ಗದಗ ಸುತ್ತಿನ ಎರಿ ಹೊಲಗಳಲ್ಲಿ ಬೋರ್ ಕೊರೆದು ಕೇಸಿಂಗ್ ಪೈಪ್ ಇಳಿಸಿದ ಮೇಲೆ ಕಂಪ್ರೆಸರ್ ಗಾಳಿ ಬಿಟ್ಟು ತೊಳೆಯುತ್ತಾರೆ. ಒಳಗಿನ ನೀರು ಒಮ್ಮೆಲೇ ಮೇಲೆ ಚಿಮ್ಮುತ್ತದೆ. ಹೊರಗಿನ ನೀರು, ಹಸಿ ಮಣ್ಣು ಅಲ್ಲೇ ಉಳಿದು ಖಾಲಿ ಪೈಪನ್ನು ಒತ್ತುತ್ತವೆ. ಪೈಪು ಚಪ್ಪಟೆಯಾದರೆ ಮೋಟರ್ ಇಳಿಯುವುದಿಲ್ಲ. ಹೀಗೆ ಹೊರಗಿನಿಂದ ಎಷ್ಟು ಒತ್ತಿದಾಗ ಪೈಪು ಒಳಕ್ಕೆ ಕುಸಿಯುತ್ತದೋ, ಅದೇ ಅದರ ಕೊಲ್ಯಾಪ್ಸ್ ಪ್ರೆಶರ್.

ಅಂಗಡಿಯಲ್ಲಿ ‘6 ಕೆಜಿ ಪೈಪ್ ಕೊಡ್ರಿ’ ಅಂತೇವೆ, ಅಲ್ವಾ? ಆ 6 ಕೆಜಿ ಒಳಗಿನ ಒತ್ತಡದ ಲೆಕ್ಕ. ಹೊರಗಿನಿಂದ ಒತ್ತಿದರೆ ಅದೇ ಪಿವಿಸಿ ಪೈಪು ಅದರ ಅರ್ಧಕ್ಕೇ ಸೋಲಬಹುದು. 10 ಮೀಟರ್ ಆಳಕ್ಕೆ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಏರುತ್ತದೆ. ಬೋರಿಗೆ ಕೇಸಿಂಗ್ ಪೈಪೇ ಹಾಕಬೇಕು ಅನ್ನುವುದು ಸುಮ್ನೆ ಅಲ್ಲ.

ಒಳಗಿನ ಒತ್ತಡ ತುಸು ಸೊಟ್ಟಗಿದ್ದ ಪೈಪನ್ನೂ ದುಂಡಗೆ ಮಾಡುತ್ತದೆ. ಹೊರಗಿನ ಒತ್ತಡ ಇದ್ದ ತಗ್ಗನ್ನೇ ಇನ್ನಷ್ಟು ತಗ್ಗಿಸುತ್ತದೆ. ತೆಳು ಪೈಪಿನಲ್ಲಿ ಮಾಲು ಸೋಲುವ ಮೊದಲೇ ಆಕಾರ ಕೈಕೊಡುತ್ತದೆ. ಇದಕ್ಕೆ ಬಕ್ಲಿಂಗ್ ಅನ್ನುತ್ತಾರೆ. ಉದ್ದನೆಯ ತೆಳು ಪೈಪಿನ ಗೋಡೆ ಎರಡು ಪಟ್ಟು ದಪ್ಪವಾದರೆ ತಡೆಯುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಉದ್ದದ ಮಾತೂ ಇದೆ. ಕೊಳವೆ ಉದ್ದವಾದಷ್ಟೂ ಬೇಗ ಕುಸಿಯುತ್ತದೆ ಎಂದು ಎಂಜಿನಿಯರ್ ವಿಲಿಯಂ ಫೇರ್‌ಬೇರ್ನ್ 1858ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ಜಲಾಂತರ್ಗಾಮಿಯ ಮೈಗೆ ಅಲ್ಲಲ್ಲಿ ಉಂಗುರ ಕಟ್ಟುವುದು ಇದೇ ಕಾರಣಕ್ಕೆ.

ಕೊಲ್ಯಾಪ್ಸ್ ಪ್ರೆಶರ್ ಹೇಳುವ ಸೂತ್ರದ ಲೆಕ್ಕ ಪೂರ್ತಿ ದುಂಡಗಿನ ಪೈಪಿಗೆ. ನಿಜವಾದ ಪೈಪು ಹಾಗಿರುವುದಿಲ್ಲ, ಆದ್ದರಿಂದ ಒತ್ತಿಯೇ ನೋಡಬೇಕು. ಎರಡೂ ತುದಿ ಮುಚ್ಚಿದ ತುಂಡನ್ನು ದಪ್ಪ ಉಕ್ಕಿನ ಟ್ಯಾಂಕಿನಲ್ಲಿಟ್ಟು ಪಂಪಿನಿಂದ ನೀರಿನ ಒತ್ತಡವನ್ನು ಹಂತಹಂತವಾಗಿ ಏರಿಸುತ್ತಾರೆ. ಗೋಡೆ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯಲು ಅಂಟಿಸಿದ ಸ್ಟ್ರೇನ್ ಗೇಜುಗಳು ಮೊದಲು ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ ಏರುತ್ತವೆ. ಕುಸಿತ ಹತ್ತಿರ ಬಂದಾಗ ಒಂದು ಕಡೆ ಗೋಡೆ ಒಳಗೆ ಬಾಗುತ್ತದೆ, ಪಕ್ಕದಲ್ಲಿ ಉಬ್ಬುತ್ತದೆ. ಗೇಜುಗಳ ದಾರಿ ಬೇರೆಬೇರೆಯಾಗುತ್ತದೆ. ಆಮೇಲೆ ಒಂದೇ ಏಟಿಗೆ ಮಡಚಿಕೊಳ್ಳುತ್ತದೆ. ಗಾಳಿಯ ಬದಲು ನೀರು ಬಳಸುವುದು ಸುರಕ್ಷೆಗೆ: ಒತ್ತಿದ ಗಾಳಿಯಲ್ಲಿ ಶಕ್ತಿ ಜಾಸ್ತಿ ತುಂಬಿರುತ್ತದೆ, ನೀರಿನಲ್ಲಿ ಬಹಳ ಕಡಿಮೆ.

ಆಳ ಸಮುದ್ರಕ್ಕೆ ಇಳಿಯುವ ನಮ್ಮ ದೇಶದ ಮತ್ಸ್ಯ 6000 ನೌಕೆಯಲ್ಲಿ ಜನ ಕೂರುವ ಗೋಳವನ್ನು 6000 ಮೀಟರ್ ಆಳಕ್ಕೆಂದೇ ರೂಪಿಸಿದ್ದಾರೆ. 2.1 ಮೀಟರ್ ಅಡ್ಡಳತೆ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಮಿಶ್ರಲೋಹ. ಅಲ್ಲೂ ಗೋಳ ಎಷ್ಟು ದುಂಡಗಿದೆ ಅನ್ನುವುದು ದೊಡ್ಡ ವಿಷಯ.

ಹುಬ್ಬಳ್ಳಿಯಲ್ಲಿ ಕೇಸಿಂಗ್ ಕೊಳ್ಳುವಾಗ ಬರೀ ದಪ್ಪ ನೋಡಬೇಡಿ. ಬಿಸಿಲಲ್ಲಿ ಎತ್ತರಕ್ಕೆ ಪೇರಿಸಿಟ್ಟ ಪಿವಿಸಿಯಲ್ಲಿ ಕೆಳಗಿನ ಪೈಪುಗಳು ಮೆತ್ತಗಾಗಿ ಮೊಟ್ಟೆಯಾಕಾರಕ್ಕೆ ತಿರುಗಬಹುದು. ಬಾಯಿಯ ಅಡ್ಡಳತೆಯನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ ಕಣ್ಣಿಗೇ ಕಂಡರೆ ಬೇರೆ ಪೈಪು ಕೇಳಿ.