ಆಕ್ಸಿಜನ್ ಗಿಡ ಬೇಕು ಅನ್ನುವವರಿಗೆ

‘ಬೆಡ್‌ರೂಮಿಗೆ ಇಪ್ಪತ್ನಾಲ್ಕು ಗಂಟೆ ಆಕ್ಸಿಜನ್ ಕೊಡೋ ಗಿಡ ಇದೆಯಾ?’ ಎಂದು ಕೇಳುತ್ತಲೇ ನರ್ಸರಿಯೊಳಗೆ ಕಾಲಿಡುತ್ತಾರೆ. ಇಲ್ಲ. ಕುಂಡದ ಮೇಲೆ ಹಾಗಂತ ಚೀಟಿ ಅಂಟಿಸಿದ್ದರೂ ಇಲ್ಲ.

ಎಲೆ ಬೆಳಕಿನ ಬಲದಿಂದ ನೀರನ್ನು ಒಡೆದಾಗ ಆಮ್ಲಜನಕ ಹುಟ್ಟುತ್ತದೆ. ದೀಪ ಆರಿಸಿದ ಮೇಲೆ ಆ ಕೆಲಸ ಬಂದ್. ಸ್ನೇಕ್ ಪ್ಲಾಂಟ್, ಲೋಳೆಸರ, ಕೆಲವು ಆರ್ಕಿಡ್‌ಗಳದ್ದು ಬೇರೆ ಲೆಕ್ಕ, ನಿಜ. ಹಗಲಲ್ಲಿ ಎಲೆಯ ರಂಧ್ರ ತೆರೆದರೆ ಒಳಗಿನ ನೀರು ಆರಿಹೋಗುತ್ತದೆಂದು ಅವು ರಾತ್ರಿ ತೆರೆಯುತ್ತವೆ. ಆಗ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಬೆಳಗಾದ ಮೇಲೆ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತವೆ, ಆಮ್ಲಜನಕ ಬಿಡುವುದೂ ಆಗಲೇ. ‘ರಾತ್ರಿ ಒಳಗೆ ತೆಗೆದುಕೊಳ್ಳುತ್ತದೆ’ ಎಂಬ ಮಾತು ಬಾಯಿಂದ ಬಾಯಿಗೆ ದಾಟುತ್ತ ‘ರಾತ್ರಿ ಆಕ್ಸಿಜನ್ ಕೊಡುತ್ತದೆ’ ಆಗಿಬಿಟ್ಟಿದೆ. ತೆಗೆದುಕೊಳ್ಳುವುದು ಒಂದು ಅನಿಲ, ಬಿಡುವುದು ಇನ್ನೊಂದು. ಹೊತ್ತೂ ಬೇರೆ.

ಇದರ ಉಲ್ಟಾ ಭಯದವರೂ ಇದ್ದಾರೆ: ಗಿಡ ರಾತ್ರಿ ನಮ್ಮ ಉಸಿರಿನ ಗಾಳಿಯನ್ನೇ ನುಂಗುತ್ತದಂತೆ. ಮಲಗಿದ ಮನುಷ್ಯನೊಬ್ಬ ಗಂಟೆಗೆ ಸುಮಾರು 12ರಿಂದ 15 ಲೀಟರ್ ಆಮ್ಲಜನಕ ಬಳಸುತ್ತಾನೆ. ಅದರ ಮುಂದೆ ಕುಂಡದ ಗಿಡ ಬಳಸುವುದು ಲೆಕ್ಕಕ್ಕೇ ಬಾರದು. ಪಕ್ಕದಲ್ಲಿ ಗೊರಕೆ ಹೊಡೆಯುವವರನ್ನು ಆ ಕಾರಣಕ್ಕೆ ಯಾರೂ ಆಚೆ ಮಲಗಿಸುವುದಿಲ್ಲವಲ್ಲ.

ಗಾಳಿ ಶುದ್ಧಿಯ ಮಾತು ಬಂದಾಗಲೆಲ್ಲ ‘ಗಿಡ ಕೋಣೆಯ ಗಾಳಿ ಶುದ್ಧ ಮಾಡುತ್ತದೆ ಅಂತ ನಾಸಾ ಹೇಳಿದೆ’ ಅನ್ನುತ್ತಾರೆ. 1989ರ ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಂಥ ಹಲವು ಪ್ರಯೋಗಗಳನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2019ರಲ್ಲಿ ಮತ್ತೆ ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಗಾಳಿ ಬದಲಾಗುವುದಕ್ಕೆ ಸಮವಾಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು ಬಂತು. ಹತ್ತು ಬೈ ಹನ್ನೆರಡರ ಕೋಣೆಗೆ ಕಡಿಮೆಯೆಂದರೂ 110 ಕುಂಡ. ಮಂಚ ಎಲ್ಲಿ ಹಾಕುತ್ತೀರಿ? ಕಿಟಕಿ ನಾಲ್ಕು ಬೆರಳು ತೆರೆದಿಡಿ.

ಹಾಗಾದರೆ ಗಿಡವೇ ಬೇಡವೇ? ಇಡಿ, ಕಣ್ಣಿಗೆ ಹಿತ. ಆದರೆ ನಿದ್ದೆಯ ಔಷಧವೆಂದು ತಂದು, ಮುದ್ದಿಗೆ ದಿನಾ ನೀರು ಹಾಕಬೇಡಿ. ಬೆಡ್‌ರೂಮಿನ ಗಿಡಗಳು ಹೆಚ್ಚಾಗಿ ಸಾಯುವುದೇ ಹೀಗೆ.

ಗಿಡ ಆರಿಸುವ ಮೊದಲು ಬೆಳಕು ನೋಡಿ. ಮಧ್ಯಾಹ್ನ ಕುಂಡ ಇಡುವ ಜಾಗದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳು ಮಸುಕಾಗಿಯಾದರೂ ಬಿದ್ದರೆ ಸ್ನೇಕ್ ಪ್ಲಾಂಟ್, ಝೀಝೀ, ಮನಿಪ್ಲಾಂಟ್ ಬದುಕುತ್ತವೆ. ನೆರಳೇ ಇಲ್ಲವೆಂದರೆ ಯಾವುದನ್ನೂ ತರಬೇಡಿ. ತುಳಸಿಗೂ ಮಲ್ಲಿಗೆಗೂ ನೇರ ಬಿಸಿಲು ಬೇಕು, ಅವನ್ನು ಒಳಗಿಟ್ಟು ಕೊರಗಿಸಬೇಡಿ. ರಾತ್ರಿರಾಣಿಯ ಘಮ ಮುಚ್ಚಿದ ಕೋಣೆಯಲ್ಲಿ ಕೆಲವರಿಗೆ ತಲೆನೋವು ತರುತ್ತದೆ. ಆಸ್ತಮಾ ಇದ್ದವರು ಯಾವ ಗಿಡ ಇಡುವ ಮೊದಲೂ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

ಸ್ನೇಕ್ ಪ್ಲಾಂಟಿಗೆ ಆರಿಂಚಿನ, ತಳದಲ್ಲಿ ತೂತಿರುವ ಮಣ್ಣಿನ ಕುಂಡ ಸಾಕು. ಒಂದು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಎರೆಗೊಬ್ಬರ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಕೊಟ್ಟಿದ್ದರೆ ಬದಲಿಸಿ, ಅದು ಬೇಗ ಒಣಗುವುದಿಲ್ಲ. ಬೆರಳು ಎರಡಿಂಚು ಇಳಿಸಿದಾಗ ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ಒಂದು ಲೋಟ ನೀರು ಹಾಕಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಆದರೂ ಆದೀತು. ದಿನದ ಲೆಕ್ಕಕ್ಕಿಂತ ಬೆರಳನ್ನು ನಂಬಿ. ಎಲೆಯ ಬುಡ ಮೆತ್ತಗಾಗಿ ವಾಸನೆ ಬಂದರೆ ಬೇರು ಕೊಳೆತಿದೆ. ಆಗ ‘ಬಾಡಿದೆ’ ಎಂದು ಇನ್ನಷ್ಟು ನೀರು ಸುರಿಯುವವರೇ ಹೆಚ್ಚು! ಗಟ್ಟಿಯಿರುವ ಎಲೆ ಕತ್ತರಿಸಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿ, ಮರಳಲ್ಲಿ ನೆಡಿ.

ಸದಾ ಒದ್ದೆಯಾಗಿರುವ ಮಣ್ಣಿನ ಮೇಲಿನ ಪದರದಲ್ಲೇ ಬೂಷ್ಟು ಕಟ್ಟುವುದು, ಸಣ್ಣ ಕಪ್ಪು ನೊಣ ಮೊಟ್ಟೆಯಿಡುವುದು. ಅದಕ್ಕಿಂತ ಕಾಡುವುದು ಕುಂಡದಡಿಯ ತಟ್ಟೆ ಮತ್ತು ಬಾಟಲಿಯಲ್ಲಿಟ್ಟ ಮನಿಪ್ಲಾಂಟ್. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಹೀಗೆ ನಿಂತ ತಿಳಿನೀರೆಂದರೆ ಇಷ್ಟ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ಐದು ದಿನಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ. ಮೊಟ್ಟೆ ಅಂಟಿಕೊಂಡಿರುವುದು ಅಲ್ಲೇ, ಬರೀ ನೀರು ಬದಲಿಸಿದರೆ ಹೋಗುವುದಿಲ್ಲ.

ಅಂಬೆಗಾಲಿಡುವ ಮಗುವಿದ್ದರೆ ಮನಿಪ್ಲಾಂಟ್, ಪೀಸ್ ಲಿಲಿ, ಡೈಫೆನ್‌ಬೇಕಿಯಾ ಕೈಗೆಟುಕದಂತಿರಲಿ. ಇವೆಲ್ಲ ನಮ್ಮ ಕೆಸುವಿನ ಬಳಗ. ಹುಣಸೆಹುಳಿ ಕಡಿಮೆಯಾದ ಪತ್ರೊಡೆ ಗಂಟಲು ಕೆರೆಯುತ್ತದಲ್ಲ, ಅದಕ್ಕೆ ಕಾರಣವಾದ, ಆಕ್ಸಲೇಟ್ ಎಂಬ ಲವಣದ ಕಣ್ಣಿಗೆ ಕಾಣದ ಸೂಜಿಗಳು ಇವುಗಳ ಎಲೆಯಲ್ಲೂ ಇವೆ. ಮಗು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಬಾಯಿ ಒರೆಸಿ ನೀರು ಕೊಡಿ, ಊತ ಗಂಟಲಿಗೆ ಇಳಿದಂತೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಗುವೋ ಬೆಕ್ಕೋ ಇರುವ ಮನೆಗೆ ಸ್ಪೈಡರ್ ಪ್ಲಾಂಟ್ ವಾಸಿ. ಎಸಿ ಗಾಳಿ ನೇರ ತಾಗಿದರೆ ಅದರ ತುದಿ ಕಂದಾಗುತ್ತದೆ. ಅದಕ್ಕೆ ನೀರು ಹೆಚ್ಚಿಸಬೇಡಿ, ಕುಂಡವನ್ನು ಎರಡಡಿ ಆಚೆ ಸರಿಸಿ.