ನರಮಂಡಲ ಒಂದೇ ಬಲೆಯೋ, ಬಿಡಿ ಬಿಡಿ ಕೋಶಗಳೋ?

ಪ್ರಾಣಿಗಳ ಮೈಯೆಲ್ಲ ಕೋಶಗಳಿಂದ ಆಗಿದೆ ಎಂದು ಜರ್ಮನಿಯ ಥಿಯೊಡೋರ್ ಶ್ವಾನ್ 1839ರಲ್ಲೇ ಹೇಳಿದ್ದ. ಮೆದುಳಿನ ವಿಷಯದಲ್ಲಿ ಮಾತ್ರ ಈ ಮಾತು ಸುಲಭಕ್ಕೆ ನಿಲ್ಲಲಿಲ್ಲ. ಮೆದುಳಿನ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಎಳೆಗಳೆಲ್ಲ ಹೆಣೆದುಕೊಂಡು ಕಾಣುತ್ತಿದ್ದವು. ಯಾವ ಎಳೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೇಳುವುದು ಹೇಗೆ? ಹಾಗಾಗಿ ಇಡೀ ನರಮಂಡಲ ಎಲ್ಲೂ ತುಂಡಾಗದ ಒಂದೇ ಬಲೆ ಎಂದು ನಂಬಿದವರೇ ಜಾಸ್ತಿ.

1873ರಲ್ಲಿ ಇಟಲಿಯ ಕಮಿಲೋ ಗಾಲ್ಜಿ ಒಂದು ದಾರಿ ಹುಡುಕಿದ. ಅಬ್ಬಿಯಾತೆಗ್ರಾಸೊ ಎಂಬ ಊರಿನ ಆಸ್ಪತ್ರೆಯ ವೈದ್ಯ, ಅಡುಗೆಮನೆಯನ್ನೇ ಲ್ಯಾಬ್ ಮಾಡಿಕೊಂಡಿದ್ದವನು. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿ ಮಾಡಿದ ಮೆದುಳಿನ ಚೂರನ್ನು ಸಿಲ್ವರ್ ನೈಟ್ರೇಟಿನಲ್ಲಿ ನೆನೆಸಿದ. ಕೆಲವೇ ಕೆಲವು ಕೋಶಗಳು ಕಪ್ಪಾದವು, ಆದರೆ ಆದಷ್ಟೂ ಪೂರ್ತಿ ಕಪ್ಪು. ನಡುವಿನ ಒಡಲು, ಅದರಿಂದ ಕವಲೊಡೆಯುವ ಡೆಂಡ್ರೈಟುಗಳು, ಉದ್ದಕ್ಕೆ ಹೋಗುವ ಒಂದು ಆಕ್ಸಾನ್, ಎಲ್ಲವೂ ಹಳದಿ ಹಿನ್ನೆಲೆಯ ಮೇಲೆ ಎದ್ದು ಕಂಡವು. ಎಲ್ಲ ಕೋಶಗಳೂ ಕಪ್ಪಾಗಿದ್ದರೆ ಮಸಿ ಚೆಲ್ಲಿದ ಹಾಗೆ ಇರುತ್ತಿತ್ತು, ಅಲ್ವಾ? ಇಷ್ಟೆಲ್ಲ ನೋಡಿಯೂ ಗಾಲ್ಜಿ ಬಲೆಯ ವಾದವನ್ನು ಬಿಡಲಿಲ್ಲ.

ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಈ ಬಣ್ಣವನ್ನು ಮೊದಲು ನೋಡಿದ್ದು 1887ರಲ್ಲಿ. ಅವನು ಚೂರುಗಳನ್ನು ಎರಡೆರಡು ಸಲ ನೆನೆಸಿದ. ಬೆಳೆದ ಪ್ರಾಣಿಯ ಬದಲು ಭ್ರೂಣ, ಮರಿಗಳನ್ನು ಆರಿಸಿಕೊಂಡ. ನಿಜವಾದ ಜಾಣತನ ಇದೇ ಅನ್ನಿಸುತ್ತದೆ. ಬೆಳೆದ ಮೇಲೆ ಆಕ್ಸಾನಿನ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬರುತ್ತದೆ, ಅದರೊಳಕ್ಕೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. 1888ರಲ್ಲಿ, ಬಾರ್ಸಿಲೋನಾದಲ್ಲಿ, ಹಕ್ಕಿಯ ಕಿರುಮೆದುಳನ್ನು ನೋಡುತ್ತಿದ್ದಾಗ ಆಕ್ಸಾನಿನ ತುದಿಗಳು ಪುರ್ಕಿಂಜೆ ಎಂಬ ದೊಡ್ಡ ನರಕೋಶದ ಒಡಲನ್ನು ಸುತ್ತುವರಿದು ಅಲ್ಲೇ ನಿಂತಿದ್ದವು. ತಾಗಿದಂತಿದ್ದವು, ಆದರೆ ಒಂದಾಗಿರಲಿಲ್ಲ.

ಇನ್ನೂ ಒಂದು ಮಾತು ಅವನಿಗೆ ಹೊಳೆಯಿತು. ಮೂಗಿನ ನರಕೋಶದ ಡೆಂಡ್ರೈಟ್ ಹೊರಗಿನ ಗಾಳಿಯ ಕಡೆಗಿದೆ, ಆಕ್ಸಾನ್ ಮೆದುಳಿನ ಕಡೆಗೆ. ಅಂದರೆ ಸುದ್ದಿ ಡೆಂಡ್ರೈಟಿನಿಂದ ಒಳಗೆ ಬಂದು ಆಕ್ಸಾನಿನಿಂದ ಮುಂದಕ್ಕೆ ಹೋಗುತ್ತದೆ. ಬರೀ ಆಕಾರ ನೋಡಿ ಕೆಲಸ ಊಹಿಸಿದ್ದ!

1889ರಲ್ಲಿ ತನ್ನ ಸ್ಲೈಡುಗಳನ್ನು ಹೊತ್ತು ಬರ್ಲಿನ್‌ಗೆ ಹೋಗಿ ಹಿರಿಯ ವಿಜ್ಞಾನಿ ಕೋಲಿಕರ್‌ಗೆ ತೋರಿಸಿ ಒಪ್ಪಿಸಿದ. 1891ರಲ್ಲಿ ಜರ್ಮನಿಯ ವಿಜ್ಞಾನಿ ವಾಲ್ಡೆಯರ್ ಈ ಬಿಡಿ ನರಕೋಶಕ್ಕೆ 'ನ್ಯೂರಾನ್' ಎಂಬ ಹೆಸರು ಕೊಟ್ಟ. 1906ರ ನೊಬೆಲ್ ಗಾಲ್ಜಿ, ಕಹಾಲ್ ಇಬ್ಬರಿಗೂ ಸೇರಿ ಬಂತು, ಆದರೆ ಗಾಲ್ಜಿ ನೊಬೆಲ್ ಭಾಷಣದಲ್ಲೇ ನ್ಯೂರಾನ್ ವಾದವನ್ನು ತಳ್ಳಿಹಾಕಿದ. ಅದನ್ನು ಸುಮ್ನೆ ಹಟ ಎನ್ನುವಂತಿಲ್ಲ. ಕೋಶಗಳ ನಡುವಿನ ಸಂದನ್ನು ಅಲ್ಲಿಯವರೆಗೆ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಸಂದು ಇದ್ದರೆ ಸುದ್ದಿ ದಾಟುವುದು ಹೇಗೆ? 1921ರಲ್ಲಿ ಆಟೋ ಲೋವಿ ಎಂಬ ವಿಜ್ಞಾನಿ ಎರಡು ಕಪ್ಪೆ ಹೃದಯಗಳನ್ನು ತೆಗೆದುಕೊಂಡ. ಒಂದರ ವೇಗಸ್ ನರವನ್ನು (ಮೆದುಳಿನಿಂದ ಹೃದಯಕ್ಕೆ ಬರುವ ನರ) ಕೆರಳಿಸಿದಾಗ ಬಡಿತ ನಿಧಾನವಾಯಿತು. ಅದರ ಸುತ್ತಲಿನ ದ್ರವವನ್ನು ಇನ್ನೊಂದಕ್ಕೆ ಹಾಕಿದರೆ ಅದೂ ನಿಧಾನವಾಯಿತು. ನರದ ತುದಿ ಯಾವುದೋ ರಾಸಾಯನಿಕ ಬಿಡುತ್ತದೆ ಎಂದಾಯಿತು. ಸಂದು ಕಣ್ಣಿಗೆ ಬಿದ್ದಿದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ: ಸುಮಾರು 20 ನ್ಯಾನೋಮೀಟರ್.

ಅಲ್ಲಿಗೆ ಕಹಾಲ್ ಗೆದ್ದ, ಆದರೆ ಪೂರ್ತಿಯಾಗಿ ಅಲ್ಲ. ಕೆಲವು ನರಕೋಶಗಳು ಸಣ್ಣ ರಂಧ್ರಗಳ ಮೂಲಕ ನೇರವಾಗಿಯೇ ವಿದ್ಯುತ್ ದಾಟಿಸುತ್ತವೆ. 2023ರಲ್ಲಂತೂ ಕೋಂಬ್ ಜೆಲ್ಲಿ ಎಂಬ ಕಡಲಜೀವಿಯ ಎಳೆಯ ಹಂತದಲ್ಲಿ, ಚರ್ಮದಡಿಯ ನರಗಳು ನಡುವೆ ಸಂದೇ ಇಲ್ಲದೆ ಬೆಸೆದುಕೊಂಡಿರುವುದು ಸಿಕ್ಕಿತು, ಗಾಲ್ಜಿ ನಂಬಿದ್ದಂಥದ್ದೇ ಬಲೆ.